ನಾಲ್ಕನೇ ಕ್ಲಾಸ್ ಮೇಡಂ ಹತ್ರ ಏನಂತ ಮಾತಾಡೋದು?

ರೇಷ್ಮೆಮನೆ, ಶಿಡ್ಲಘಟ್ಟ ತಾಲ್ಲೂಕು:
ಮಗ ಸರ್ಕಾರಿ ಶಾಲೆ. ಮೂರನೇ ಕ್ಲಾಸಿನವರೆಗೆ ನಲಿ-ಕಲಿ ಪದ್ಧತಿಯಲ್ಲಿ ಚೆನ್ನಾಗೇ ಇದ್ದ. ಈಗ ಮೇಡಂ "ಹಿಂದೆ ಬಿದ್ದಿದಾನೆ, ಮನೇಲಿ ಓದಿಸಿ" ಅಂತಾರೆ. ಮನೆಮಾತು ತೆಲುಗು, ನಮಗೆ ಓದು ಅಷ್ಟಕ್ಕಷ್ಟೆ. ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದರೆ ಸೊಪ್ಪು ಹಾಕೋದು ಬಿಟ್ಟು ಕದಲೋಕಾಗಲ್ಲ. ಶಾಲೆ ಗ್ರೂಪಲ್ಲಿ ಕೇಳಿದ್ರೆ ಸಾಕಾ?

ಸೀಮೆಸುಣ್ಣ:
ಗ್ರೂಪಲ್ಲಿ ಬೇಡ. ಊರೆಲ್ಲ ನೋಡೋ ಜಾಗದಲ್ಲಿ ಯಾವ ಟೀಚರೂ ಒಬ್ಬ ಮಗುವಿನ ವಿಷಯ ಬಿಚ್ಚಿ ಹೇಳಲ್ಲ. ಬೆಳಗ್ಗೆ ಪ್ರಾರ್ಥನೆ ಹೊತ್ತಲ್ಲೂ ಹಿಡೀಬೇಡಿ. ಹಾಲು, ಹಾಜರಿ, ಬಿಸಿಯೂಟದ ಲೆಕ್ಕ ಎಲ್ಲ ಆಗಲೇ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಬೇಕು ಅಂತ ಎರಡು ದಿನ ಮುಂಚೆ ಚೀಟಿ ಕಳಿಸಿ.

"ಹೇಗೆ ಓದ್ತಾನೆ?" ಅಂದ್ರೆ "ಪರವಾಗಿಲ್ಲ" ಅಂತಲೇ ಉತ್ತರ. ನೋಟ್‌ಬುಕ್ ತಗೊಂಡು ಹೋಗಿ, ಒಂದು ಪುಟ ತೆರೆದಿಟ್ಟು ಕೇಳಿ: ಎಡವೋದು ಒತ್ತಕ್ಷರದಲ್ಲಾ, ಉಕ್ತಲೇಖನದಲ್ಲಾ, ಬೋರ್ಡ್ ನೋಡಿ ಬರೆಯೋದ್ರಲ್ಲಾ? ಪುಸ್ತಕ ನೋಡಿ ಸರಿಯಾಗಿ ಬರೆದು ಬೋರ್ಡಿಂದ ತಪ್ಪು ಮಾಡಿದ್ರೆ ಮೊದಲು ಕಣ್ಣು ತೋರಿಸಿ. ಪಟಪಟ ಓದಿ ಅರ್ಥ ಹೇಳೋಕೆ ಬರದಿದ್ರೆ ತೊಡಕು ಮಾತಿನದು, ಅಕ್ಷರದ್ದಲ್ಲ. ಮನೆಯಲ್ಲಿ ತೆಲುಗು ಅಂತ ಹೇಳಿಬಿಡಿ.

ಇನ್ನೊಂದು. ನಲಿ-ಕಲಿಯಲ್ಲಿ ಕಾರ್ಡು, ಗುಂಪು, ಮಗುವಿನದೇ ವೇಗ. ನಾಲ್ಕರಲ್ಲಿ ಪುಸ್ತಕ, ಎಲ್ಲರಿಗೂ ಒಂದೇ ಪಾಠ. ಮೂರನೇ ಕ್ಲಾಸಿನ ಕೊನೆಗೆ ಕನ್ನಡದಲ್ಲಿ ಎಷ್ಟನೇ ಮೈಲಿಗಲ್ಲಿಗೆ (ನಲಿ-ಕಲಿಯ ಕಲಿಕೆ ಹಂತ) ಬಂದಿದ್ದ ಅಂತ ಕೇಳಿ, ತೊಡಕು ಹಳೇದಾ ಹೊಸದಾ ಗೊತ್ತಾಗುತ್ತೆ.

ಬಾಗೇಪಲ್ಲಿ ಕಡೆಯವ:
ಚಾಕಿ ಹುಳ (ರೇಷ್ಮೆ ಮರಿಹುಳ) ಮನೆಗೆ ಬಂದ ದಿನವೇ ಅದು ಹಣ್ಣಾಗೋ, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋ, ದಿನ ಅಂದಾಜು ಸಿಗುತ್ತೆ. ಆ ವಾರ ಬರೋಕಾಗಲ್ಲ ಅಂತ ಮೊದಲೇ ತಿಳಿಸಿ; ಇಲ್ಲದಿದ್ರೆ "ಅಪ್ಪ ಅಮ್ಮನಿಗೇ ಬೇಡ" ಅಂದ್ಕೋತಾರೆ. ಮಗನನ್ನೂ ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟೆ) ಹುಳ ಬಿಡೋಕೆ ನಿಲ್ಲಿಸಿಕೊಂಡು ಆಮೇಲೆ ಪಾಠ ಹೋಯ್ತು ಅಂದ್ರೆ ಮೇಡಂ ಏನು ಮಾಡ್ತಾರೆ?

ರೇಷ್ಮೆಮನೆ:
ಸರಿ. ಇಷ್ಟಾದ್ರೂ ಸರಿಹೋಗದಿದ್ರೆ?

ಸೀಮೆಸುಣ್ಣ:
ಮೇಡಂ ಜೊತೆ ಒಂದೇ ಕೆಲಸ ಗೊತ್ತು ಮಾಡ್ಕೊಳ್ಳಿ: ದಿನಾ ಐದು ಒತ್ತಕ್ಷರದ ಪದ. ಎರಡು ವಾರ ಬಿಟ್ಟು ಅದೇ ಪುಟ ಮತ್ತೆ ಓದಿಸಿ ನೋಡಿ. ಆಗಲೂ ಅಲ್ಲೇ ಇದ್ರೆ ಹೆಡ್‌ಮಾಸ್ಟರ್, ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಕೊನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಮೊದಲೇ ಬಿಇಒ ಆಫೀಸಿಗೆ ಹೋದ್ರೆ ಮೇಡಂ ಜೊತೆ ಮಾತೇ ಕಟ್. ಶಾಲೇಲಿ ಮಗುವಿಗೆ ಹೊಡೆದ್ರೆ ಮಾತ್ರ ಕಾಯಬೇಡಿ. ಅದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ನಿಷೇಧ. ಹೆಡ್‌ಮಾಸ್ಟರಿಗೆ ಬರವಣಿಗೆಯಲ್ಲಿ ಕೊಡಿ, ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಬಾಗೇಪಲ್ಲಿ ಕಡೆಯವ:
ನಿಮಗೆ ಓದು ಬರದಿದ್ರೂ ಪರವಾಗಿಲ್ಲ. ಅವನು ಬೆರಳಿಟ್ಟು ಗಟ್ಟಿಯಾಗಿ ಓದಲಿ. ಬೆರಳು ನಿಂತಲ್ಲಿ ಪೆನ್ಸಿಲಲ್ಲಿ ಗೆರೆ ಎಳೀರಿ. ಶನಿವಾರ ಮೇಡಂಗೆ ಆ ಗೆರೆಗಳನ್ನೇ ತೋರಿಸಿ.