ವಿಂಡೋಸ್ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ: ಎಂಜಿನಿಯರ್ ಅವರನ್ನು ಕೇಳಿ

ಪ್ರೆಸ್‌ನವರು: ಸರ್, ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಹಾಕಿದರೆ ನುಡಿ ರನ್ ಆಗುತ್ತಾ?

ಎಂಜಿನಿಯರ್: ಬರೀ ಟೈಪಿಂಗ್‌ಗೆ ವೈನ್ ಯಾಕೆ? ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ಗೆ ಎಂ17ಎನ್ ಸೇರಿಸಿ, ನುಡಿಯ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫೈಲ್ ಓದಲು ಅದರ ಫಾಂಟ್ ಹಾಕಿಕೊಳ್ಳಿ.

ಸೊಸೈಟಿ ಗುಮಾಸ್ತ: ನಮಸ್ಕಾರ ಸರ್. ನಮ್ಮ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕೆಟ್ಟಿತು, ಅಳಿಯ ಹೊಸದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಲೆಕ್ಕದ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿತ್ತು. ರನ್ ಆಗಲಿಲ್ಲ. ಈ ಗ್ರೂಪ್‌ನಲ್ಲೇ ಬಂದ ಫಾರ್ವರ್ಡ್ ನೋಡಿ 'ಸುಡೋ ವೈನ್' ಅಂತ ಕೊಟ್ಟೆ, ತೆರೆಯಿತು! ಆದರೆ ಈಗ ಪೆನ್‌ಡ್ರೈವ್‌ನಲ್ಲಿ ಪ್ರತಿ ಫೋಲ್ಡರ್ ಪಕ್ಕ ಅದೇ ಹೆಸರಿನ ಶಾರ್ಟ್‌ಕಟ್ ಬಂದಿದೆ.

ಎಂಜಿನಿಯರ್: ಮೊದಲು ಪೆನ್‌ಡ್ರೈವ್ ತೆಗೆಯಿರಿ. ಅದು ಶಾರ್ಟ್‌ಕಟ್ ವೈರಸ್ ಇರಬೇಕು. ವಿಂಡೋಸ್‌ನಲ್ಲಾದರೆ ಅಸಲಿ ಫೋಲ್ಡರ್ ಅಡಗಿರುತ್ತದೆ. ಲಿನಕ್ಸ್ ಆ ಹಿಡನ್ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ, ಅದಕ್ಕೇ ನಿಮಗೆ ಎರಡೂ ಕಾಣುತ್ತಿವೆ.
ವೈನ್ ಬೇರೆ ಕೋಣೆ ಅಂದುಕೊಳ್ಳಬೇಡಿ. ಅದರೊಳಗೆ ಝಡ್ ಡ್ರೈವ್ ಅಂತ ಒಂದಿದೆ, ಅದೇ ನಿಮ್ಮ ಇಡೀ ಲಿನಕ್ಸ್ ಡಿಸ್ಕ್. ವೈನ್‌ನ 'ಮೈ ಡಾಕ್ಯುಮೆಂಟ್ಸ್' ಕೂಡ ನಿಮ್ಮ ನಿಜವಾದ ಡಾಕ್ಯುಮೆಂಟ್ಸ್ ಫೋಲ್ಡರ್‌ಗೇ ಹೋಗುತ್ತದೆ. ಸುಡೋ ಅಂದರೆ ಅಡ್ಮಿನ್ ಅಧಿಕಾರ. ಅದಿಲ್ಲದಿದ್ದರೆ ನೀವು ಮುಟ್ಟಬಹುದಾದ ಫೈಲ್‌ಗಳನ್ನಷ್ಟೇ ಆ ಎಕ್ಸ್‌ಇ (ವಿಂಡೋಸ್ ಪ್ರೋಗ್ರಾಂ ಫೈಲ್) ಮುಟ್ಟುತ್ತಿತ್ತು. ನೀವು ಇಡೀ ಮನೆಯ ಬೀಗದ ಕೈ ಕೊಟ್ಟಿರಿ. ಲೆಕ್ಕದ ಡೇಟಾ ಫೈಲ್‌ಗಳನ್ನು ಮಾತ್ರ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಎಕ್ಸ್‌ಇ ಬೇಡ. ಮಿಂಟ್ ಹೊಸದಾಗಿ ಹಾಕಿಸಿ. ಸಾಫ್ಟ್‌ವೇರ್ ಕೊಟ್ಟವರ ಹತ್ತಿರವೇ ಸೆಟಪ್ ಕೇಳಿ. ಲೆಕ್ಕಕ್ಕೆಂದೇ ಬೇರೆ ಯೂಸರ್ ಮಾಡಿ ಅಲ್ಲಿ ವೈನ್ ಹಾಕಿ.
ಆ ಫಾರ್ವರ್ಡ್ ಹಾಕಿದ ಪುಣ್ಯಾತ್ಮರು ಯಾರು?

ಮೇಷ್ಟ್ರು: ನಾನೇ. ನನಗೆ ಕೆಲಸ ಮಾಡಿತು. ಲಿನಕ್ಸ್‌ಗೆ ವೈರಸ್ ಬರಲ್ಲ ಅಲ್ವಾ?

ಕಾಲೇಜು ಹುಡುಗ: ಮೇಷ್ಟ್ರೇ, ರನ್ ಆಗಿದ್ದು ವಿಂಡೋಸ್ ವೈರಸ್.

ಮೇಷ್ಟ್ರು: ವೈನ್ ಅಂದ್ರೆ ಎಮ್ಯುಲೇಟರ್, ಒಳಗೊಂದು ನಕಲಿ ಕಂಪ್ಯೂಟರ್ ಇದ್ದಹಾಗೆ. ಒಳಗಿನದು ಹೊರಗೆ ಬರಲ್ಲ.

ಕಾಲೇಜು ಹುಡುಗ: 'ವೈನ್ ಎಮ್ಯುಲೇಟರ್ ಅಲ್ಲ' ಅನ್ನೋದೇ ಅದರ ಹೆಸರಿನ ಅರ್ಥ. 1993ರಿಂದ ಇರೋದು!

ಮೇಷ್ಟ್ರು: ನೀನು ಹುಟ್ಟೋ ಮೊದಲಿಂದ ಕಂಪ್ಯೂಟರ್ ನೋಡಿದ್ದೀನಪ್ಪ.

ಎಂಜಿನಿಯರ್: ಹುಡುಗ ಹೇಳಿದ್ದು ಸರಿ. ಎಕ್ಸ್‌ಇ ನೇರವಾಗಿ ನಿಮ್ಮ ಪ್ರೊಸೆಸರ್ ಮೇಲೇ ನಡೆಯುತ್ತದೆ. 'ಫೈಲ್ ತೆರೆ', 'ಕಿಟಕಿ ಬಿಡಿಸು' ಅಂತ ಅದು ವಿಂಡೋಸನ್ನು ಕೇಳಿದಾಗ ಉತ್ತರ ಕೊಡೋದು ವೈನ್. ಅಷ್ಟೇ. ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಬರೀ ವೈನ್ ಸಾಲದಿರೋದು ಅದಕ್ಕೇ, ಅಲ್ಲಿ ಪ್ರೊಸೆಸರೇ ಬೇರೆ.

ಗೇಮರ್: ಸರ್, ಪ್ರೋಟಾನ್‌ನಲ್ಲಿ (ಗೇಮ್‌ಗೆಂದೇ ಇರೋ ವೈನ್) ಗೇಮ್ ಮಧ್ಯೆ ಮಧ್ಯೆ ನಿಲ್ಲುತ್ತೆ, ಯಾಕೆ?

ಆಡಿಟರ್: ಸಾಫ್ಟ್‌ವೇರ್ ಜೊತೆ ಬರೋ ಯುಎಸ್‌ಬಿ ಲೈಸೆನ್ಸ್ ಡಾಂಗಲ್ ವೈನ್‌ನಲ್ಲಿ ಕೆಲಸ ಮಾಡುತ್ತಾ?

ಎಂಜಿನಿಯರ್: ಡಾಂಗಲ್‌ಗೆ ವಿಂಡೋಸ್‌ನ ಒಳಗೇ ಸೇರುವ ಕರ್ನೆಲ್ ಡ್ರೈವರ್ ಬೇಕಾದರೆ ವೈನ್ ನಂಬಿ ಕೂರಬೇಡಿ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಹಾಕಿ.

ಮೇಷ್ಟ್ರು: ಯಾವುದೋ ಸೈಟಿಂದ ಡಿಎಲ್‌ಎಲ್ ಅನ್ನೋ ವಿಂಡೋಸ್ ಫೈಲ್ ಇಳಿಸಿ ವೈನ್‌ನ ಸಿಸ್ಟಮ್32 ಫೋಲ್ಡರ್‌ಗೆ ಹಾಕಿದರೂ ಸರಿಹೋಗುತ್ತಂತೆ.

ಎಂಜಿನಿಯರ್: ಅಂತೆ ಕಂತೆ ಸಾಕು ಮೇಷ್ಟ್ರೇ. ಗುರುತಿಲ್ಲದ ಸೈಟಿನ ಡಿಎಲ್‌ಎಲ್ ಯಾರೂ ಹಾಕಬೇಡಿ.

ಜೆರಾಕ್ಸ್ ಅಂಗಡಿ: ಸರ್, ನುಡಿ ವೈನ್‌ನಲ್ಲಿ ಬರುತ್ತಾ?

ಎಂಜಿನಿಯರ್: ಮೇಲೆ ಓದಿ.
ಸೊಸೈಟಿಯವರೇ, ಪೆನ್‌ಡ್ರೈವ್ ತೆಗೆದಿರಾ?

ಸೊಸೈಟಿ ಗುಮಾಸ್ತ: ಆಗಲೇ ತೆಗೆದೆ ಸರ್. ಪಕ್ಕದ ಟೇಬಲ್ ಕಂಪ್ಯೂಟರ್‌ಗೆ ಹಾಕಿ ನೋಡ್ತಿದ್ದೀನಿ.

ಎಂಜಿನಿಯರ್: ಅದರಲ್ಲಿ ಯಾವುದಿದೆ?

ಸೊಸೈಟಿ ಗುಮಾಸ್ತ: ವಿಂಡೋಸ್ ಸರ್.