ಮೂತ್ರದ ವರದಿಯಲ್ಲಿ ಪಸ್ ಸೆಲ್ಸ್ 8–10: ಸೋಂಕೆಂದೇ ಅರ್ಥವೇ?

ಪ್ರಶ್ನೆ (ದಾವಣಗೆರೆ):
ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರ ಮೂತ್ರದ ವರದಿಯಲ್ಲಿ ಪಸ್ ಸೆಲ್ಸ್ (ಕೀವಿನ ಕಣಗಳು, ಅಂದರೆ ಬಿಳಿ ರಕ್ತಕಣಗಳು) 8–10, ಎಪಿಥೀಲಿಯಲ್ ಸೆಲ್ಸ್ 15–20, ನೈಟ್ರೈಟ್ ನೆಗೆಟಿವ್ ಎಂದಿದೆ. ಅವರಿಗೆ ಉರಿಯಾಗಲಿ ಜ್ವರವಾಗಲಿ ಇಲ್ಲ. ಬೇಸಿಗೆ ಶುರುವಾದಾಗಿನಿಂದ ಬಣ್ಣ ಮಾತ್ರ ಗಾಢ ಹಳದಿಯಾಗಿದೆ. ಹೋದ ವರ್ಷದಿಂದ ಉಳಿದಿರುವ ಆಂಟಿಬಯಾಟಿಕ್ ಮಾತ್ರೆಗಳನ್ನೇ ಕೊಡಬಹುದೇ?

ಉತ್ತರ 1 (ಚಿತ್ರದುರ್ಗ, ಲ್ಯಾಬ್ ಟೆಕ್ನಿಷಿಯನ್):
ದಯವಿಟ್ಟು ಕೊಡಬೇಡಿ. ಪಸ್ ಸೆಲ್ಸ್ ಸಾಮಾನ್ಯವಾಗಿ 5ರೊಳಗೆ ಇರಬೇಕೆಂಬುದು ನಿಜ, ಆದರೆ ಎಪಿಥೀಲಿಯಲ್ ಕಣಗಳು ಇಷ್ಟೊಂದು ಕಂಡುಬಂದರೆ ಹೊರಚರ್ಮದ ಕಣಗಳು ಮಾದರಿಯಲ್ಲಿ ಬೆರೆತಿರುವ ಸಾಧ್ಯತೆಯೇ ಹೆಚ್ಚು. ನೀರಿನಿಂದ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನಷ್ಟೇ ಲ್ಯಾಬಿನ ಡಬ್ಬಿಯಲ್ಲಿ ಹಿಡಿದು, ಒಂದೆರಡು ಗಂಟೆಯೊಳಗೆ ತಲುಪಿಸಿ. ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿ ತರುವವರನ್ನು ನಾನು ಈಗಲೂ ನೋಡುತ್ತೇನೆ!

ಉತ್ತರ 2 (ಹರಿಹರ):
ನೈಟ್ರೈಟ್ ನೆಗೆಟಿವ್ ಎಂದಾಕ್ಷಣ ಸೋಂಕಿಲ್ಲವೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಎಲ್ಲ ಬ್ಯಾಕ್ಟೀರಿಯಾಗಳೂ ಅದನ್ನು ಉಂಟುಮಾಡುವುದಿಲ್ಲ. ಅನುಮಾನವಿದ್ದರೆ ವೈದ್ಯರು ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಬರೆಯುತ್ತಾರೆ. ಅದರ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕಾಗುತ್ತದೆ, ಯಾವ ಔಷಧ ನಾಟುತ್ತದೆಂಬುದೂ ಅದರಲ್ಲೇ ತಿಳಿಯುತ್ತದೆ. ಗಾಢ ಹಳದಿ ಬಣ್ಣಕ್ಕೆ ಬಹುಮಟ್ಟಿಗೆ ನೀರು ಕಡಿಮೆ ಕುಡಿಯುವುದೇ ಕಾರಣ. ಆದರೆ ಚಳಿಜ್ವರ, ಸೊಂಟದ ಮೇಲ್ಭಾಗದ ನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ಸಕ್ಕರೆ ಕಾಯಿಲೆಯವರು ಒಂದು ದಿನವೂ ಕಾಯಬಾರದು.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆ ಹಿಡಿದ ಎರಡನೆಯ ಮಾದರಿಯಲ್ಲಿ ಪಸ್ ಸೆಲ್ಸ್ 2–3 ಬಂದಿದೆ. ವೈದ್ಯರು ಮಾತ್ರೆ ಬೇಡವೆಂದರು, ಸಕ್ಕರೆಯ ಪ್ರಮಾಣವನ್ನು ಮಾತ್ರ ಮತ್ತೆ ನೋಡಿಸಲು ಹೇಳಿದ್ದಾರೆ.