ಅತ್ತೆಯವರಿಗಾಗಿ ಒಂದು ಅಡಿಬರಹ

ನಮ್ಮ ಮನೆಯಲ್ಲಿ ಪರಭಾಷೆಯ ಸಿನಿಮಾ ನೋಡುವುದೆಂದರೆ ಅಡಿಬರಹದ ಕೆಲಸವನ್ನು ನಾನೇ ಮಾಡಬೇಕೆಂದು ಅರ್ಥ. ಅತ್ತೆಯವರು ಪಕ್ಕದಲ್ಲಿ ಕುಳಿತು ‘ಈಗ ಅವನು ಏನೆಂದ?’ ಎಂದು ಕೇಳುತ್ತಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವನು ಇನ್ನೇನೋ ಅಂದಿರುತ್ತಾನೆ, ಅದಕ್ಕೆ ನಾಯಕಿ ಅತ್ತಿರುತ್ತಾಳೆ, ಅವಳೇಕೆ ಅತ್ತಳೆಂದು ವಿವರಿಸುವ ಹೊತ್ತಿಗೆ ಮೂರನೆಯವನೊಬ್ಬ ಸತ್ತೇ ಹೋಗಿರುತ್ತಾನೆ. ಸತ್ತವನು ಯಾರೆಂದು ನನಗೂ ತಿಳಿದಿರುವುದಿಲ್ಲ.

ಈ ಸಂಕಟವನ್ನು ನಮ್ಮ ಭಾನುವಾರದ ಕೂಟದಲ್ಲಿ ತೋಡಿಕೊಂಡೆ. ಕಂಪ್ಯೂಟರಿನ ವಿಷಯದಲ್ಲಿ ಕೈ ಪಳಗಿದ ಸೀನಣ್ಣ, ನಿವೃತ್ತ ಕನ್ನಡ ಮೇಷ್ಟರು ಮತ್ತು ಯಾವ ಮಾತಿಗೂ ಒಂದು ‘ಆದರೆ’ಯನ್ನು ಸೇರಿಸದೆ ಬಿಡದ ವಕೀಲರು, ಮೂವರೂ ಇದ್ದರು.

“ಇದಕ್ಕೆ ಇಷ್ಟೊಂದು ಗೋಳೇಕೆ? ಡಿವಿಡಿ ನಿಮ್ಮದೇ ಇದೆಯಲ್ಲ. ಅದರದೊಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಅದಕ್ಕೆ ಕನ್ನಡ ಸಬ್‌ಟೈಟಲ್ ಅಂಟಿಸಿ, ಮುಗಿಯಿತು” ಎಂದ ಸೀನಣ್ಣ.

“ಸಬ್‌ಟೈಟಲ್ ಎನ್ನಬೇಡಿ” ಎಂದರು ಮೇಷ್ಟರು. “ಉಪಶೀರ್ಷಿಕೆ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಶೀರ್ಷವೆಂದರೆ ತಲೆ, ಇದಾದರೋ ಚಿತ್ರದ ಕಾಲಬುಡದಲ್ಲಿ ಬಿದ್ದಿರುತ್ತದೆ. ಅಡಿಬರಹ ಎನ್ನಿ.”

“ಆದರೆ,” ಎಂದು ವಕೀಲರು ಶುರು ಮಾಡಿದರು, “ಡಿಸ್ಕ್ ಕೊಂಡವನಿಗೆ ಅದನ್ನು ನಕಲು ಮಾಡಿಕೊಳ್ಳುವ ಹಕ್ಕು ತಾನಾಗಿಯೇ ಬಂದುಬಿಡುತ್ತದೆಂದು ತಿಳಿಯಬೇಡಿ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಅಮೆರಿಕದಲ್ಲಿ 1998ರ ಕಾನೂನು ಡಿಸ್ಕಿನ ಡಿಜಿಟಲ್ ಬೀಗವನ್ನು ಮುರಿಯುವುದನ್ನೇ ನಿಷೇಧಿಸಿದೆ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಬಹುದೆಂಬ ವಿನಾಯಿತಿ 2014ರ ಅಕ್ಟೋಬರಿನಲ್ಲಿ ಬಂದಿತು. 2015ರ ಜುಲೈಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಒಂದು ಕೂಸು ಗರ್ಭದಲ್ಲಿರುವಷ್ಟು ಕಾಲ ಮಾತ್ರ ಅದು ಬಾಳಿತು. ಇನ್ನು ಅನುವಾದದ ಹಕ್ಕು ಕೃತಿಸ್ವಾಮ್ಯ ಉಳ್ಳವನದೇ ಎಂದು ಬರ್ನ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಆದ್ದರಿಂದ ಮೊದಲು ನಿಮ್ಮಲ್ಲಿಯ ಕಾನೂನು ನೋಡಿಕೊಳ್ಳಿ, ಆಮೇಲೆ ಏನು ಮಾಡಿದರೂ ಅದು ಮನೆಯ ಹೊಸ್ತಿಲು ದಾಟದಿರಲಿ.”

ಹೊಸ್ತಿಲು ದಾಟಿಸುವ ಆಸೆ ನನಗೆ ಇರಲಿಲ್ಲ. ಅತ್ತೆಯವರ ಪ್ರಶ್ನೆಗಳು ಹಜಾರ ದಾಟಿ ಬರದಿದ್ದರೆ ಸಾಕಾಗಿತ್ತು. ಅದೃಷ್ಟಕ್ಕೆ ನನ್ನ ಡಿಸ್ಕಿಗೆ ಯಾವ ಬೀಗವನ್ನೂ ಹಾಕಿರಲಿಲ್ಲ. ಇದನ್ನು ಕೇಳಿ ವಕೀಲರಿಗೆ ಸಮಾಧಾನವಾಯಿತೋ ನಿರಾಶೆಯಾಯಿತೋ, ಮುಖ ನೋಡಿ ಹೇಳುವಂತಿರಲಿಲ್ಲ.

ಸೀನಣ್ಣ ಅದೇ ಸಂಜೆ ನಮ್ಮ ಮನೆಗೆ ಬಂದು ಡಿಸ್ಕನ್ನು ತೆರೆದ. ಒಳಗೆ ತಲಾ ಒಂದು ಗಿಗಾಬೈಟಿಗೆ ಮೀರದ ತುಂಡುಗಳಾಗಿ ಸಿನಿಮಾ ಮಲಗಿತ್ತು. ಅವುಗಳನ್ನು ಒಂದುಗೂಡಿಸಿ ಒಂದೇ ಎಂಕೆವಿ ಕಡತವಾಗಿ ಮಾಡಿದ. ಈ ಎಂಕೆವಿಯ ಪೂರ್ಣ ಹೆಸರಾದ ‘ಮಟ್ರೋಸ್ಕ’, ಒಂದರೊಳಗೊಂದು ಕೂರುವ ರಷ್ಯದ ಮರದ ಗೊಂಬೆಯ ಹೆಸರಿನಿಂದ ಬಂದದ್ದು. ಚಿತ್ರ, ಧ್ವನಿ, ಅಡಿಬರಹ, ಬೇಕಾದರೆ ಅಕ್ಷರಗಳ ಫಾಂಟ್ ಕೂಡ ಒಂದೇ ಹೊಟ್ಟೆಯೊಳಗೆ ಬೇರೆಬೇರೆಯಾಗಿ ಕೂರುತ್ತವೆ. ಯಾವುದನ್ನಾದರೂ ಹೊರತೆಗೆದು ಇನ್ನೊಂದನ್ನು ಸೇರಿಸಬೇಕಾದರೆ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಬೇಕಾಗಿಲ್ಲ, ಅಂದರೆ ಹೊಸದಾಗಿ ಸಂಕೇತಕ್ಕಿಳಿಸಬೇಕಾಗಿಲ್ಲ; ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶ ಆ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತದೆ.

“ಈ ಡಿಸ್ಕಿನಲ್ಲಿ ಇಂಗ್ಲಿಷ್ ಅಡಿಬರಹ ಇದೆಯಲ್ಲ, ಅದನ್ನೇ ತೆರೆದು ತಿದ್ದಿದರೆ ಆಗದೇ?” ಎಂದು ಕೇಳಿದೆ.

ಸೀನಣ್ಣ ನನ್ನನ್ನು ಕರುಣೆಯಿಂದ ನೋಡಿದ. “ಅದು ಅಕ್ಷರವಲ್ಲ, ಚಿತ್ರ. ಡಿವಿಡಿಯಲ್ಲಿ ಮೂವತ್ತೆರಡು ಅಡಿಬರಹಗಳವರೆಗೆ ಜಾಗವುಂಟು, ಆದರೆ ಪ್ರತಿಯೊಂದು ಸಾಲೂ ನಾಲ್ಕು ಬಣ್ಣಗಳ ಒಂದು ಪುಟ್ಟ ಪಟ. ಆ ನಾಲ್ಕರಲ್ಲಿ ಸಾಮಾನ್ಯವಾಗಿ ಒಂದು ಪಾರದರ್ಶಕ ಹಿನ್ನೆಲೆಗೇ ಹೋಗುತ್ತದೆ. ಬ್ಲೂ-ರೇಯಲ್ಲಿಯೂ ಪಟವೇ, ಬಣ್ಣ ಮಾತ್ರ ಹೆಚ್ಚು. ಫೋಟೋದಲ್ಲಿರುವ ಹೆಸರುಫಲಕವನ್ನು ರಬ್ಬರಿನಿಂದ ಅಳಿಸಿ ಬರೆಯಲು ಆಗುತ್ತದೆಯೇ?”

ಎಂಥ ದಡ್ಡ ಏರ್ಪಾಡು ಎಂದು ನಾನು ಆ ಡಿವಿಡಿ ಕಂಡುಹಿಡಿದವರನ್ನು ಬೈದೆ. ಆ ಬೈಗುಳವನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದ ಪ್ರಸಂಗ ಮುಂದೆ ಬರುತ್ತದೆ.

ಹೀಗಾಗಿ ಸೀನಣ್ಣ, ತನ್ನ ಬಳಿಯಿದ್ದ ಇನ್ನೊಂದು ಡಿಸ್ಕಿಗೆಂದು ಹಿಂದೊಮ್ಮೆ ಸಿದ್ಧಪಡಿಸಿದ್ದ, ಇದೇ ಸಿನಿಮಾದ ಇಂಗ್ಲಿಷ್ ಪಠ್ಯದ ಕಡತವೊಂದನ್ನು ತಂದುಕೊಟ್ಟ. ಎಸ್‌ಆರ್‌ಟಿ ಎಂಬ ಈ ಜಾತಿಯ ಕಡತದಷ್ಟು ಸರಳ ಜೀವಿ ಕಂಪ್ಯೂಟರ್ ಲೋಕದಲ್ಲಿ ಇನ್ನೊಂದಿರಲಾರದು: ಮೊದಲು ಸಾಲಿನ ಸಂಖ್ಯೆ, ಕೆಳಗೆ ಅದು ಕಾಣಿಸಿಕೊಳ್ಳುವ ಮತ್ತು ಮರೆಯಾಗುವ ಹೊತ್ತು, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು, ಅಷ್ಟೇ. ಅನುವಾದವನ್ನು ಮೇಷ್ಟರಿಗೆ ಒಪ್ಪಿಸಿದೆವು. ಹತ್ತು ದಿನಗಳಲ್ಲಿ ಅವರು ಎಲ್ಲವನ್ನೂ ಮುಗಿಸಿ ಹೆಮ್ಮೆಯಿಂದ ತಂದರು. ಹಾಕಿದೆವು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ಸೀನಣ್ಣ ಕಡತ ತೆರೆದು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತ. ಮೇಷ್ಟರು ಮಾತುಗಳನ್ನಷ್ಟೇ ಅಲ್ಲ, ಹೊತ್ತನ್ನೂ ಕನ್ನಡಕ್ಕೆ ತಂದಿದ್ದರು. 00:12:05,400 ಎಂದಿದ್ದುದು ೦೦:೧೨:೦೫,೪೦೦ ಎಂದಾಗಿತ್ತು. ಕಾಗದ ಉಳಿಸುವ ಹಳೆಯ ಅಭ್ಯಾಸದಿಂದ ನಡುನಡುವಿನ ಖಾಲಿ ಸಾಲುಗಳನ್ನೂ ತೆಗೆದುಹಾಕಿದ್ದರು.

“ಕನ್ನಡ ಅಂಕಿಗಳನ್ನು ಓದಲಾರದ ಯಂತ್ರಕ್ಕೆ ಕನ್ನಡ ಸಿನಿಮಾ ತೋರಿಸುವ ಯೋಗ್ಯತೆ ಇದೆಯೇ?” ಎಂದು ಮೇಷ್ಟರು ಗುಡುಗಿದರು.

“ಇದು ಕನ್ನಡ ಸಿನಿಮಾ ಅಲ್ಲವಲ್ಲ, ಮೇಷ್ಟ್ರೇ” ಎಂದರು ವಕೀಲರು. ಮೇಷ್ಟರು ಆ ವಾದವನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಅಂಕಿಗಳು ಸರಿಹೋದ ಮೇಲೆ ಅಡಿಬರಹವೇನೋ ಮೂಡಿತು, ಆದರೆ ಬೇರೆ ಯಾವುದೋ ಸಿನಿಮಾಕ್ಕೆ ಮೂಡಿದಂತೆ ಮೂಡಿತು. ಪ್ರೇಯಸಿ ಬಾಯಿ ತೆರೆದಾಗ ಪೊಲೀಸ್ ಅಧಿಕಾರಿಯ ಬೆದರಿಕೆ ಕಾಣಿಸುತ್ತಿತ್ತು. ನಾನು ಅವಸರದಿಂದ ಸಿನಿಮಾ ತೋರಿಸುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿಗಳನ್ನು ಒತ್ತತೊಡಗಿದೆ. ಒಮ್ಮೆ ಒತ್ತಿದರೆ ಅಡಿಬರಹ 50 ಮಿಲಿಸೆಕೆಂಡಿನಷ್ಟು ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಮೊದಲ ದೃಶ್ಯಕ್ಕೆ ಸರಿಹೊಂದಿಸಿ ಬೆವರೊರೆಸಿಕೊಳ್ಳುವಷ್ಟರಲ್ಲಿ ಹತ್ತನೆಯ ದೃಶ್ಯ ಕೆಟ್ಟಿತು. ಅದನ್ನು ಸರಿಮಾಡಿ ಹಿಂದಕ್ಕೆ ಬಂದರೆ ಮೊದಲನೆಯದು ಕೆಟ್ಟಿತ್ತು.

“ಕೀಲಿಯಿಂದ ಕೈ ತೆಗೆಯಿರಿ” ಎಂದ ಸೀನಣ್ಣ. “ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಬಾರದು. ಮೊದಲಿನಿಂದ ಕೊನೆಯವರೆಗೆ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಆರಂಭದಲ್ಲಿ ಏನೋ ಹೆಚ್ಚುಕಡಿಮೆ ಇದೆ ಎಂದರ್ಥ, ಇಡೀ ಕಡತವನ್ನು ಒಮ್ಮೆ ತಳ್ಳಿದರೆ ಸಾಕು. ತಪ್ಪು ಹೋಗುತ್ತ ಹೋಗುತ್ತ ಬೆಳೆಯುತ್ತಿದ್ದರೆ ಓಟದ ವೇಗವೇ ಬೇರೆ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಪಾಲ್ ಎಂಬ ಟಿವಿ ಪದ್ಧತಿಯ ಡಿಸ್ಕಿಗೆ ಅದನ್ನು 25ಕ್ಕೆ ಓಡಿಸುತ್ತಾರೆ. ಎರಡು ಗಂಟೆಯ ಸಿನಿಮಾ 115 ನಿಮಿಷ 12 ಸೆಕೆಂಡಿಗೇ ಮುಗಿದುಹೋಗುತ್ತದೆ.”

“ಅಂದರೆ 4 ನಿಮಿಷ 48 ಸೆಕೆಂಡಿನ ಸಿನಿಮಾವನ್ನು ಗ್ರಾಹಕನಿಗೆ ಕೊಡದೆ ಉಳಿಸಿಕೊಂಡಂತಾಯಿತು” ಎಂದು ವಕೀಲರು ನೆಟ್ಟಗೆ ಕುಳಿತರು.

“ಯಾವ ದೃಶ್ಯವನ್ನೂ ಕತ್ತರಿಸಿಲ್ಲ, ಸ್ವಾಮಿ. ಎಲ್ಲರೂ ಸ್ವಲ್ಪ ಬೇಗ ನಡೆಯುತ್ತಾರೆ, ಬೇಗ ಮಾತನಾಡುತ್ತಾರೆ, ಕಂಠ ಕೊಂಚ ಏರುತ್ತದೆ, ಅಷ್ಟೇ.”

“ಆದರೆ ಕೊಲೆಯಾಗುವವನು ಆಯುಸ್ಸಿನಲ್ಲಿ ಕೆಲವು ನಿಮಿಷ ಕಳೆದುಕೊಂಡ ಹಾಗಾಗಲಿಲ್ಲವೇ?”

ಈ ಮೊಕದ್ದಮೆಯನ್ನು ಅಲ್ಲಿಗೇ ಬಿಟ್ಟು ಸೀನಣ್ಣ ಮೂರನೆಯ ಬಗೆಯನ್ನು ಹೇಳಿದ: ಒಂದು ಹಂತದವರೆಗೆ ಎಲ್ಲವೂ ಸರಿಯಾಗಿದ್ದು, ಅಲ್ಲಿಂದ ಒಮ್ಮೆಗೇ ಜಿಗಿದು ತಪ್ಪಿದರೆ, ಎರಡು ಡಿಸ್ಕುಗಳಲ್ಲಿರುವುದು ಬೇರೆಬೇರೆ ಸಂಕಲನವೆಂದು ತಿಳಿಯಬೇಕು, ಒಂದರಲ್ಲಿರುವ ದೃಶ್ಯ ಇನ್ನೊಂದರಲ್ಲಿ ಇರುವುದಿಲ್ಲ. ನಮ್ಮ ಕಡತಕ್ಕೆ ಎರಡನೆಯ ಮತ್ತು ಮೂರನೆಯ ರೋಗಗಳು ಒಟ್ಟಿಗೆ ತಗುಲಿದ್ದವು. ಅದರ ಹೊತ್ತುಗಳನ್ನು ತಿದ್ದುತ್ತ ಕೂರುವುದಕ್ಕಿಂತ ಅವುಗಳನ್ನು ಬಿಟ್ಟೇಬಿಡುವುದು ಮೇಲೆಂದು ತೀರ್ಮಾನವಾಯಿತು. ನನ್ನ ಡಿಸ್ಕಿನಲ್ಲೇ ಇದ್ದ ಆ ಪಟಗಳು ನನ್ನ ಸಿನಿಮಾದ ಜೊತೆಗೇ ಹುಟ್ಟಿದವು. ಮಾತು ಯಾವ ಕ್ಷಣಕ್ಕೆ ಬರಬೇಕೆಂಬುದು ಅವುಗಳಿಗೆ ಮೊದಲೇ ಗೊತ್ತು. ಸೀನಣ್ಣ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶಕ್ಕೆ ಪಟಗಳನ್ನು ಕೊಟ್ಟು ಅಕ್ಷರಗಳನ್ನು ಗುರುತಿಸಿ ಬರೆಯಲು ಹೇಳಿದ. ಅದು ಇಂಗ್ಲಿಷಿನ ದೊಡ್ಡ ಐ ಅಕ್ಷರವನ್ನೂ ಚಿಕ್ಕ ಎಲ್ ಅಕ್ಷರವನ್ನೂ ಅವಳಿ ಮಕ್ಕಳಂತೆ ಅದಲುಬದಲು ಮಾಡಿತಾದರೂ ಹೊತ್ತಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ನಮಗೆ ಬೇಕಾದದ್ದೂ ಹೊತ್ತೇ. ಇಂಗ್ಲಿಷ್ ಮಾತುಗಳ ಜಾಗದಲ್ಲಿ ಮೇಷ್ಟರ ಕನ್ನಡವನ್ನು ಕೂರಿಸಿದೆವು.

ಮೇಷ್ಟರ ಕನ್ನಡ ಕೂರಲಿಲ್ಲ. ಅಡಿಬರಹಕ್ಕೆ ಎರಡು ಸಾಲುಗಳ ಮಿತಿ. ಎರಡು ತುಂಬು ಸಾಲುಗಳನ್ನು ಓದಲು ಸುಮಾರು ಆರು ಸೆಕೆಂಡು ಬೇಕೆಂದು ಈ ಕಸುಬಿನವರು ಲೆಕ್ಕ ಹಾಕುತ್ತಾರೆ. ಖಳನಾಯಕ ಪಿಸ್ತೂಲು ಹಿಡಿದು ಇಂಗ್ಲಿಷಿನಲ್ಲಿ ‘ಹೋಗು’ ಎಂದು ಒಂದೇ ಪದ ಗದರಿಸುವಲ್ಲಿ ಮೇಷ್ಟರು, ‘ಇನ್ನು ನೀವು ಇಲ್ಲಿಂದ ನಿರ್ಗಮಿಸುವುದೇ ಶ್ರೇಯಸ್ಕರವೆಂದು ನನಗೆ ತೋರುತ್ತದೆ’ ಎಂದು ಬರೆದಿದ್ದರು. ‘ಶ್ರೇಯಸ್ಕರ’ ಎಂಬಲ್ಲಿಗೆ ಕಣ್ಣು ತಲುಪುವಷ್ಟರಲ್ಲಿ ಗುಂಡು ಹಾರಿ ಹೆಣ ಬಿದ್ದಿರುತ್ತಿತ್ತು.

“ಪಿಸ್ತೂಲು ಹಿಡಿದ ಮಾತ್ರಕ್ಕೆ ಏಕವಚನದಲ್ಲಿ ಮಾತನಾಡಬೇಕೇ?” ಎಂಬುದು ಮೇಷ್ಟರ ಪ್ರಶ್ನೆ.

ನಗಬಾರದ ಪ್ರಶ್ನೆಯೇ ಅದು. ಇಂಗ್ಲಿಷಿನ ಒಂದೇ ‘ಯೂ’ಗೆ ನಮ್ಮಲ್ಲಿ ನೀನೂ ಇದೆ, ನೀವೂ ಇದೆ, ತಾವೂ ಇದೆ. ನಾಯಕ ನಾಯಕಿಯರು ಮೊದಲ ಭೇಟಿಯಲ್ಲಿ ‘ನೀವು’ ಎನ್ನುವುದು ಸರಿ, ಆದರೆ ಯಾವ ನಿಮಿಷದಲ್ಲಿ ಅವರು ‘ನೀನು’ಗೆ ಇಳಿಯಬೇಕು? ಮೂಲದ ಸಂಭಾಷಣೆಯಲ್ಲಿ ಇದಕ್ಕೆ ಸುಳಿವೇ ಇರಲಿಲ್ಲ. ಒಂದು ಸಂಜೆಯೆಲ್ಲ ಚರ್ಚೆ ನಡೆದು, ಕೊನೆಗೆ 47ನೆಯ ನಿಮಿಷದಲ್ಲಿ ಅವಳು ಅವನ ಕೊಡೆಯೊಳಗೆ ಬಂದು ನಿಂತಾಗ ಬಹುವಚನ ಬಿಡತಕ್ಕದ್ದೆಂದು ಮೇಷ್ಟರು ತೀರ್ಪಿತ್ತರು. ಇಬ್ಬರ ಒಪ್ಪಿಗೆಯೂ ದಾಖಲಾಗಿಲ್ಲವೆಂದು ವಕೀಲರು ಆಕ್ಷೇಪಿಸಿದರು.

ಅನುವಾದವನ್ನು ಅರ್ಧಕ್ಕರ್ಧ ಕತ್ತರಿಸಿ, ಕನ್ನಡದ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಎಂಕೆವಿಯೊಳಗೆ ಸೇರಿಸಿದೆವು. ಕಂಪ್ಯೂಟರಿನಲ್ಲಿ ಅದು ಸೊಗಸಾಗಿ ಕಂಡಿತು. ಪೆನ್ ಡ್ರೈವಿಗೆ ಹಾಕಹೊರಟರೆ ಅದು ಬೇಡವೆಂದಿತು. ಫ್ಯಾಟ್32 ಮಾದರಿಯಲ್ಲಿ ಸಿದ್ಧವಾದ ಡ್ರೈವಿನಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲವಂತೆ. ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿ ಟಿವಿಗೆ ಚುಚ್ಚಿದೆವು. ಆಗ ನಡೆಯಿತು ನೋಡಿ ನಿಜವಾದ ಅನಾಹುತ. ಕನ್ನಡದ ಒತ್ತಕ್ಷರವನ್ನು ಕೂಡಿಸುವ ವಿದ್ಯೆಯನ್ನು ಆ ಟಿವಿಗೆ ಯಾರೂ ಕಲಿಸಿರಲಿಲ್ಲ. ‘ಅಕ್ಕ’ ಎಂಬುದು ‘ಅಕ್‌ಕ’ ಎಂದೂ ‘ಕತ್ತಿ’ ಎಂಬುದು ‘ಕತ್‌ತಿ’ ಎಂದೂ ಒಡೆದು ನಿಂತವು. ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ‘ಅಕ್ಕ’ ಎಂದರೆ ಅ, ಕ, ಸ್ವರವನ್ನು ತೆಗೆಯುವ ಹಲಂತ ಚಿಹ್ನೆ, ಮತ್ತೊಂದು ಕ ಎಂಬ ನಾಲ್ಕು ಬಿಡಿ ಸಂಕೇತಗಳು. ಅವುಗಳನ್ನು ಬೆಸೆದು ಒತ್ತನ್ನು ಕೆಳಗೆ ಕೂರಿಸುವುದು ತೋರಿಸುವ ಯಂತ್ರದ ಹೊಣೆ. ಕಂಪ್ಯೂಟರ್ ಬೆಸೆಯುತ್ತದೆ, ನಮ್ಮ ಟಿವಿ ಎಣಿಸಿ ಸಾಲಾಗಿ ನಿಲ್ಲಿಸುತ್ತದೆ.

ಮೇಷ್ಟರು ಕಣ್ಣು ಮುಚ್ಚಿಕೊಂಡರು. “ಇದನ್ನು ನೋಡುವುದಕ್ಕಿಂತ ಇಂಗ್ಲಿಷೇ ವಾಸಿ” ಎಂಬ ಮಾತು ಅವರ ಬಾಯಿಂದ ಬಂದಾಗ ಪರಿಸ್ಥಿತಿ ಎಷ್ಟು ಗಂಭೀರವಾಗಿದೆಯೆಂದು ನಮಗೆ ಅರಿವಾಯಿತು.

ಅಡಿಬರಹವನ್ನು ಚಿತ್ರದ ಮೈಮೇಲೇ ಹಚ್ಚೆ ಹಾಕಿಬಿಡೋಣವೆಂದು ನಾನು ಸೂಚಿಸಿದೆ. ಹ್ಯಾಂಡ್‌ಬ್ರೇಕಿನಂಥ ತಂತ್ರಾಂಶದಲ್ಲಿ ಅದು ಸಾಧ್ಯ, ಆದರೆ ಇಡೀ ಸಿನಿಮಾವನ್ನು ಮತ್ತೆ ಎನ್‌ಕೋಡ್ ಮಾಡಬೇಕು, ಚಿತ್ರದ ಗುಣಮಟ್ಟ ಅಷ್ಟಿಷ್ಟು ಕುಂದುತ್ತದೆ, ಆಮೇಲೆ ಒಂದು ಕಾಗುಣಿತದ ತಪ್ಪು ಕಂಡರೂ ಹಚ್ಚೆಯನ್ನು ಅಳಿಸುವಂತಿಲ್ಲ. ಮೇಷ್ಟರಿರುವ ಕೂಟದಲ್ಲಿ ಅಂಥ ಅಪಾಯಕ್ಕೆ ಯಾರು ಕೈಹಾಕುತ್ತಾರೆ?

ಆಗ ಸೀನಣ್ಣ ಮೆಲ್ಲಗೆ, “ಪಟ ಮಾಡೋಣ” ಎಂದ.

ಯಾವ ಪಟಗಳನ್ನು ನಾನು ದಡ್ಡ ಏರ್ಪಾಡೆಂದು ಬೈದಿದ್ದೆನೋ ಅವೇ ಪಟಗಳು. ಡಿವಿಡಿ ರೂಪಿಸಿದವರ ದಾರಿಯಲ್ಲಿ ಎಂಥದೊಂದು ಅನುಕೂಲ ಅಡಗಿದೆಯೆಂದು ಆಗ ಹೊಳೆಯಿತು: ಪಟವಾಗಿ ಬಂದ ಅಡಿಬರಹವನ್ನು ತೋರಿಸಲು ಯಂತ್ರಕ್ಕೆ ಯಾವ ಲಿಪಿಯೂ ಗೊತ್ತಿರಬೇಕಾಗಿಲ್ಲ, ಯಾವ ಫಾಂಟೂ ಬೇಕಾಗಿಲ್ಲ, ಅರೇಬಿಕ್ಕೋ ಚೀನಿಯೋ ಕನ್ನಡವೋ, ಕೊಟ್ಟ ಪಟವನ್ನು ಹೇಳಿದ ಹೊತ್ತಿಗೆ ಎತ್ತಿ ಹಿಡಿದರೆ ಅದರ ಕರ್ತವ್ಯ ಮುಗಿಯಿತು. ಸೀನಣ್ಣ ಅದೇ ಸಬ್‌ಟೈಟಲ್ ಎಡಿಟ್‌ನಲ್ಲಿ ನಮ್ಮ ಕನ್ನಡ ಸಾಲುಗಳನ್ನು ಬ್ಲೂ-ರೇ ಮಾದರಿಯ ಪಟಗಳಾಗಿ ಹೊರತೆಗೆದು, ಎಂಕೆವಿಯೊಳಗೆ ಕೂರಿಸಿದ. ಟಿವಿ ತನಗೇನೂ ಗೊತ್ತಿಲ್ಲದೆಯೇ ಅಚ್ಚುಕಟ್ಟಾದ ಕನ್ನಡವನ್ನು ತೋರಿಸತೊಡಗಿತು. ‘ಅಕ್ಕ’ನ ಕೆಳಗೆ ಒತ್ತು ಬಂದು ಕುಳಿತದ್ದನ್ನು ಕಂಡು ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ರಾತ್ರಿ ಅತ್ತೆಯವರು ಸಿನಿಮಾವನ್ನು ಆದ್ಯಂತ ಒಂದು ಪ್ರಶ್ನೆಯನ್ನೂ ಕೇಳದೆ ನೋಡಿದರು. ನಾನು ಎಷ್ಟೋ ವರ್ಷಗಳ ಮೇಲೆ ಒಂದು ಸಿನಿಮಾದ ಕತೆಯನ್ನು ಅರ್ಥಮಾಡಿಕೊಂಡೆ. ಎದ್ದು ಹೋಗುವಾಗ ಅವರು ಹೇಳಿದರು: “ಎಲ್ಲ ಚೆನ್ನಾಗಿತ್ತು. ಆದರೆ ಆ ಮುದುಕ ಬಾಗಿಲು ತೆರೆದು ‘ಕೊಂದವನು ನಾನೇ’ ಎನ್ನುತ್ತಾನಲ್ಲ, ಅವನಿನ್ನೂ ಅಗುಳಿಗೆ ಕೈ ಹಾಕಿರಲಿಲ್ಲ, ಅಷ್ಟರೊಳಗೆ ನಾನು ಓದಿ ಮುಗಿಸಿದ್ದೆ.”

ಹೋಗಿ ನೋಡಿದರೆ ಅವರು ಹೇಳಿದ್ದು ನಿಜವಾಗಿತ್ತು. ಸಾಲುಗಳನ್ನು ಕತ್ತರಿಸುವಾಗ ನಾನು 611ನೆಯದನ್ನು ಅದರ ಹಿಂದಿನ ಸಾಲಿಗೆ ಅಂಟಿಸಿಬಿಟ್ಟಿದ್ದೆ. ಪಟವಾದ ಮೇಲೆ ತಿದ್ದುವಂತಿಲ್ಲವಾದ್ದರಿಂದ ಮತ್ತೆ ಪಠ್ಯದ ಕಡತವನ್ನು ತೆರೆದು, ಮುದುಕನ ತಪ್ಪೊಪ್ಪಿಗೆಯನ್ನು ಬೇರ್ಪಡಿಸಿ, 2 ಸೆಕೆಂಡ್ 300 ಮಿಲಿಸೆಕೆಂಡ್ ಮುಂದಕ್ಕೆ ತಳ್ಳಿ, ಎಲ್ಲವನ್ನೂ ಪುನಃ ಪಟ ಮಾಡಲು ಹಚ್ಚಿ ಕುಳಿತಿದ್ದೇನೆ. ತಪ್ಪೊಪ್ಪಿಗೆಯ ವೇಳೆಯನ್ನು ತಿದ್ದುವುದು ಸಾಕ್ಷ್ಯ ತಿರುಚಿದಂತಾಗುತ್ತದೆಂದು ವಕೀಲರು ಫೋನಿನಲ್ಲಿ ಹೇಳುತ್ತಿದ್ದಾರೆ.